ಅಪ್ಪನ ಬಲಗಿವಿ

ಅಪ್ಪನ ಕಿವಿ ಮಿಷನ್ನಿಗೆ ಜೀವ ಇದೆಯೋ ಇಲ್ಲವೋ ಎಂದು ನೋಡಲು ಸುಲಭದ ದಾರಿಯೊಂದಿದೆ. ಬ್ಯಾಟರಿಯ ಪುಟ್ಟ ಬಾಗಿಲನ್ನು ಮುಚ್ಚಿ, ಮಿಷನ್ನನ್ನು ಎರಡು ಅಂಗೈಗಳ ನಡುವೆ ಹಿಡಿದರೆ ಒಳಗಿನಿಂದ ಕುಂಯ್ ಎಂದು ಸಣ್ಣ ಶಿಳ್ಳೆ ಬರಬೇಕು. ಅಮ್ಮ ದಿನಾ ಬೆಳಿಗ್ಗೆ ಹಾಗೆ ಹಿಡಿದು, ಶಿಳ್ಳೆ ಕೇಳಿಸಿದ ಮೇಲೆ "ಎದ್ದಿದೆ, ತಗೊಳ್ಳಿ" ಎಂದು ಅಪ್ಪನ ಕೈಗೆ ಕೊಡುತ್ತಿದ್ದಳು.

ಅಮ್ಮನ ಆಪರೇಷನ್ನಿನ ದಿನ ಬೆಳಿಗ್ಗೆ, ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ನಾನೂ ಹಾಗೇ ಹಿಡಿದೆ. ಶಿಳ್ಳೆ ಇಲ್ಲ. ಹೊಸ ಬ್ಯಾಟರಿ ತೆಗೆದೆ. ಸ್ಟಿಕ್ಕರ್ ಕಿತ್ತ ತಕ್ಷಣ ಒಳಗೆ ತುರುಕಬೇಡ, ಅದು ಸ್ವಲ್ಪ ಗಾಳಿ ಕುಡೀಲಿ ಎಂದು ಅಮ್ಮ ಹೇಳುತ್ತಿದ್ದುದು ನೆನಪಾಗಿ, ಹಲ್ಲು ಕಚ್ಚಿಕೊಂಡು ಕಾದೆ. ಆಮೇಲೆ ಹಾಕಿ ಮತ್ತೆ ಅಂಗೈ ಮುಚ್ಚಿದೆ. ಆಗಲೂ ಇಲ್ಲ. ಇನ್ನೊಂದು ಬ್ಯಾಟರಿಯನ್ನೂ ಹಾಳು ಮಾಡಿದೆ. ಮಿಷನ್ನು ಸತ್ತ ಹುಳುವಿನಂತೆ ಸುಮ್ಮನೆ ಬಿದ್ದಿತ್ತು.

"ಏನಂತೆ?" ಎಂದ ಅಪ್ಪ.

ಅದು ಅಪ್ಪನ ಮಾತಿನ ಗುರುತು. ಎದುರಿಗಿರುವವರು ಏನು ಹೇಳಿದರೂ ಪಕ್ಕದಲ್ಲಿರುವವರ ಕಡೆ ತಿರುಗಿ "ಏನಂತೆ?" ಎನ್ನುತ್ತಾನೆ. ಪಕ್ಕದಲ್ಲಿ ಅಮ್ಮ ಇರುತ್ತಾಳೆ, ಇಲ್ಲದಿದ್ದರೆ ನಾನು. ಅಪ್ಪ ಗಾಡಿ ರಿಪೇರಿಯವನು. ಎಂಜಿನ್ನುಗಳ ಗದ್ದಲದಲ್ಲೇ ವಯಸ್ಸೆಲ್ಲ ಕಳೆದು, ಅವನ ಎಡಗಿವಿ ಎಂದೋ ಪೂರ್ತಿ ಕೈಕೊಟ್ಟಿತು. ಬಲಗಿವಿಯಲ್ಲಿ ಉಳಿದಿದ್ದ ಚೂರುಪಾರನ್ನು ಈ ಮಿಷನ್ನು ಎತ್ತಿ ಹಿಡಿದಿತ್ತು. ಅದಿಲ್ಲದಿದ್ದರೆ ಅವನಿಗೆ ಕೇಳಿಸುವುದು ಕಿವಿಗೆ ಬಾಯಿಟ್ಟು ಕಿರುಚುವ ನನ್ನ ಗಂಟಲೊಂದೇ. ನಾನು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವವಳು. ಕಿರುಚುವುದೇ ನನ್ನ ಹೊಟ್ಟೆಪಾಡು, ಸಿಟ್ಟು ಅದರ ಜೊತೆಗೆ ಪುಕ್ಕಟೆಯಾಗಿ ಬಂದಿದ್ದು.

ಅಮ್ಮನಿಗೆ ಕಿರುಚುವ ಶಕ್ತಿ ಇರಲಿಲ್ಲ. ಗಂಟಲಿನ ಗಂಟು ಧ್ವನಿಪೆಟ್ಟಿಗೆಯನ್ನೇ ಹಿಡಿದುಕೊಂಡಿದೆ, ಪೆಟ್ಟಿಗೆಯನ್ನೇ ತೆಗೆಯಬೇಕು ಎಂದಿದ್ದರು ಡಾಕ್ಟರು. ಜೀವಕ್ಕೆ ಭಯವಿಲ್ಲ, ಕತ್ತಿನಲ್ಲಿ ಉಸಿರಾಡಲು ಒಂದು ತೂತು ಇರುತ್ತದೆ, ಮುಂದೆ ಬೇರೆ ಥರದಲ್ಲಿ ಮಾತಾಡುವುದನ್ನು ಕಲಿಯಬಹುದು. ಆದರೆ ಈ ದನಿ ಇರುವುದಿಲ್ಲ. ಡಾಕ್ಟರು ಇದನ್ನೆಲ್ಲ ಹೇಳುವಾಗ ಅಪ್ಪ ಅಮ್ಮನ ಕಡೆ ತಿರುಗಿ "ಏನಂತೆ?" ಎಂದಿದ್ದ. ಅಮ್ಮ ತನ್ನ ಒಡಕು ದನಿಯಲ್ಲಿ, "ಇನ್ಮೇಲೆ ನಿಮ್ಮನ್ನ ಬೈಯೋಕಾಗಲ್ವಂತೆ" ಎಂದಿದ್ದಳು. ನನಗೆ ಅಲ್ಲೇ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಗಿತ್ತು.

ಫೋನಿನಲ್ಲಿ ದನಿ ಹಿಡಿದಿಡೋಣ ಎಂದು ನಾನು ಎಷ್ಟು ಗೋಗರೆದರೂ ಅವಳು ಒಪ್ಪಲಿಲ್ಲ. ಫೋನು ಮುಂದೆ ಹಿಡಿದರೆ ಬಾಯಿಗೆ ಬೀಗ. "ಈ ಒಡಕಲನ್ನ ಹಿಡಿದಿಟ್ಟು ಏನ್ಮಾಡ್ತೀಯೇ? ಉಪ್ಪಿನಕಾಯಿ ಹಾಕ್ತೀಯಾ?" ಎಂದು ನನ್ನ ಬಾಯಿ ಮುಚ್ಚಿಸಿದಳು. ಅಪ್ಪನಿಗಂತೂ ಫೋನಿನ ದನಿಗಳೆಲ್ಲ ಒಂದೇ, ಡಬ್ಬಿಯೊಳಗಿನ ದುಂಬಿ. ಅವನಿಗೆ ಬೇಕಾಗಿದ್ದು ಒಂದೇ ಒಂದು. "ಒಳಗೆ ಹೋಗೋಕ್ ಮುಂಚೆ ಒಂದ್ಸಲ ಅವಳು ಮಾತಾಡೋದನ್ನ ಸರಿಯಾಗಿ ಕೇಳ್ಬೇಕು" ಎಂದು ನನಗೆ ಎಷ್ಟೋ ಸಲ ಹೇಳಿದ್ದ.

ಅಮ್ಮ ಆಸ್ಪತ್ರೆ ಸೇರಿದ ಮೇಲೆ ಅವಳ ದನಿ ದಿನದಿನಕ್ಕೂ ಇಳಿಯುತ್ತಿದೆ ಎಂದು ಅಪ್ಪ ಹೆದರಿದ್ದ. ಆಪರೇಷನ್ನಿನ ಹಿಂದಿನ ಸಂಜೆ ಅಮ್ಮನಿಗೆ ಏನೋ ಅನುಮಾನ ಬಂದು, ಅವನ ಕಿವಿಯಿಂದ ಮಿಷನ್ನನ್ನು ಕಿತ್ತು ಬೆಳಕಿಗೆ ಹಿಡಿದಳು. ಕಿವಿಯೊಳಗೆ ಕೂರುವ ಆ ಪ್ಲಾಸ್ಟಿಕ್ ಅಚ್ಚಿನ ತೂತಿನಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು. ಅವಳು ಮನೆಯಲ್ಲಿದ್ದಾಗ ಪ್ರತಿ ಸಂಜೆ ಅಚ್ಚನ್ನು ಟ್ಯೂಬಿನ ಸಮೇತ ಮಿಷನ್ನಿನಿಂದ ಬಿಚ್ಚಿ, ಉಗುರುಬೆಚ್ಚಗಿನ ಸೋಪುನೀರಿನಲ್ಲಿ ತೊಳೆದು, ಟ್ಯೂಬನ್ನು ತುಟಿಗೆ ಹಿಡಿದು ಉಫ್ ಎಂದು ಊದಿ ನೀರಿನ ಹನಿ ಹಾರಿಸುತ್ತಿದ್ದಳು. ಮಿಷನ್ನಿಗೆ ನೀರು ತಾಗಿಸದೆ, ಮೆತ್ತನೆಯ ಬ್ರಷ್ಷಿನಲ್ಲಿ ಧೂಳು ಕೊಡವಿ, ಬ್ಯಾಟರಿಯ ಬಾಗಿಲು ತೆರೆದಿಟ್ಟು, ತೇವ ಹೀರುವ ಮಣಿಗಳ ಡಬ್ಬಿಯಲ್ಲಿ ಮಲಗಿಸುತ್ತಿದ್ದಳು. ಅವಳಿಲ್ಲದೆ ಅದಾವುದೂ ನಡೆದಿರಲಿಲ್ಲ.

"ಗುಗ್ಗೆ ತುಂಬ್ಕೊಂಡು ನನ್ ಗಂಟಲನ್ನ ದೂರ್ತೀರಲ್ರೀ! ಇವತ್ತು ಮನೆಗೆ ಹೋಗಿ ಇದನ್ನ ಚೊಕ್ಕ ಮಾಡ್ಕೊಂಡ್ ಬನ್ನಿ" ಎಂದಳು. ನಾನು ಅದನ್ನು ಕಿರುಚಿ ಹೇಳಿದೆ. ಅಪ್ಪನ ಮುಖ ಅರಳಿತು. ದನಿ ಹೋಗಿರಲಿಲ್ಲ, ತೂತು ಮುಚ್ಚಿತ್ತು ಅಷ್ಟೇ. ತೂತು ಬಿಡಿಸುವುದು ಅವನು ಜೀವಮಾನವೆಲ್ಲ ಮಾಡಿದ ಕೆಲಸ.

ನಾನು ಅಮ್ಮನ ಜೊತೆ ವಾರ್ಡಿನಲ್ಲಿ ಉಳಿದೆ. ಅಪ್ಪ ಬೆಳಿಗ್ಗೆ ಸ್ನಾನ ಮಾಡಿ, ತಲೆ ಬಾಚಿ, ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದ. ಮಿಷನ್ನು ಫಳಫಳ ಹೊಳೆಯುತ್ತಿತ್ತು. "ಹೊಸದರ ಥರ ಆಗಿದೆ ನೋಡು. ಬ್ಯಾಟರಿ ಮಾತ್ರ ಮುಗ್ದಿದೆ ಅನ್ಸುತ್ತೆ" ಎಂದು ನನ್ನ ಕೈಗಿತ್ತ.

ಎರಡು ಬ್ಯಾಟರಿ ಹಾಳಾದ ಮೇಲೆ ನನಗೆ ಹೊಳೆಯಿತು. "ಅಪ್ಪ, ಹೇಗೆ ಕ್ಲೀನ್ ಮಾಡ್ದೆ ಇದನ್ನ?" ಎಂದು ಕಿವಿಯಲ್ಲಿ ಕಿರುಚಿದೆ.

ಅವನು ಎಡಗೈಯಲ್ಲಿ ಏನನ್ನೋ ಚಿಟಿಕೆಯಲ್ಲಿ ಹಿಡಿದ ಹಾಗೆ ಮಾಡಿ, ಬಲಗೈಯ ತೋರುಬೆರಳನ್ನು ಮಡಚಿ, ಬಾಯಲ್ಲಿ "ಟಿಸ್ಸ್" ಎಂದ. ಕಾರ್ಬುರೇಟರಿನ ಸಣ್ಣ ತೂತಿಗೆ ಕಸ ಸಿಕ್ಕಿಕೊಂಡರೆ ಅವನು ಅದಕ್ಕೆ ಕಂಪ್ರೆಸರಿನ ಗಾಳಿ ಹೊಡೆಯುತ್ತಾನೆ. ಇದಕ್ಕೂ ಅದನ್ನೇ ಹೊಡೆದಿದ್ದ. ಅಚ್ಚನ್ನು ಮಿಷನ್ನಿನಿಂದ ಬಿಚ್ಚಲೂ ಇಲ್ಲ.

"ಒಂದೇ ಏಟಿಗೆ ಕಸ ಎಲ್ಲಾ ಹೋಯ್ತು" ಎಂದ ಹೆಮ್ಮೆಯಿಂದ. ನನ್ನ ಮುಖ ನೋಡಿದ ಮೇಲೆ ಅವನ ಹೆಮ್ಮೆ ನಿಧಾನವಾಗಿ ಇಳಿಯಿತು. "ಹಾಗ್ ಮಾಡ್ಬಾರ್ದಿತ್ತಾ?" ಎಂದು ಕೇಳಿದ.

ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕು ಅನ್ನಿಸಿತು. ಆದರೆ ಆ ಇಸ್ತ್ರಿ ಅಂಗಿ, ಆ ಬಾಚಿದ ತಲೆ. ಅವನನ್ನು ಅಮ್ಮನ ಹತ್ತಿರ ಕೂರಿಸಿ, ಅವಳಿಗೆ ಕಂಪ್ರೆಸರಿನ ಕಥೆ ಹೇಳಿ, ಮಿಷನ್ನನ್ನು ಮುಷ್ಟಿಯಲ್ಲಿ ಹಿಡಿದು ಓಡಿದೆ. ಅದನ್ನು ಕೊಂಡ ಅಂಗಡಿ ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಇತ್ತು. ಅಮ್ಮನ ಸರದಿ ಮಧ್ಯಾಹ್ನಕ್ಕೆ, ಇನ್ನೂ ಹೊತ್ತಿದೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಅಂಗಡಿಯ ಬಾಗಿಲು ಎಳೆದಿತ್ತು. ನಾನು ಅದನ್ನು ಬಡಿದೆ. ಪಕ್ಕದ ಕಟಿಂಗ್ ಶಾಪಿನವನು ಮುಖದ ತುಂಬ ನೊರೆ ಬಳಿದುಕೊಂಡಿದ್ದ ಗಿರಾಕಿಯನ್ನು ಬಿಟ್ಟು ಹೊರಗೆ ಬಂದು, "ಅಕ್ಕಾ, ಬಾಗಿಲಿಗೆ ಕಿವಿ ಕೇಳ್ಸಲ್ಲ" ಎಂದ. ಅವನನ್ನು ಸುಟ್ಟುಬಿಡುವ ಹಾಗೆ ನೋಡಿದೆ. ಅಷ್ಟರಲ್ಲಿ ನಾವು ಮನೆಯಲ್ಲಿ ಕಿವಿ ಮೇಡಂ ಎಂದು ಕರೆಯುವಾಕೆ, ಅಪ್ಪನ ಕಿವಿಯನ್ನು ಪರೀಕ್ಷೆ ಮಾಡಿ ಮಿಷನ್ನು ಹೊಂದಿಸಿದವರು, ಕೈಯಲ್ಲಿ ಬೀಗದ ಗೊಂಚಲು ಹಿಡಿದು ಬಂದರು. ಬಾಗಿಲು ಪೂರ್ತಿ ಮೇಲೇರುವ ಮುನ್ನವೇ ನಾನು ಬಗ್ಗಿ ಒಳಗೆ ನುಗ್ಗಿದೆ.

ಅವರು ಮಿಷನ್ನಿಗೆ ತಮ್ಮ ರಬ್ಬರ್ ನಳಿಕೆ ಸಿಕ್ಕಿಸಿ ಕೇಳಿದರು, ಅಲ್ಲಾಡಿಸಿದರು, ಮತ್ತೆ ಕೇಳಿದರು.

"ಇದಕ್ಕೆ ಗಾಳಿ ಹೊಡೆದ್ರಾ?"

"ಕಂಪ್ರೆಸರ್‌ನಲ್ಲಿ" ಎಂದೆ. "ಚಕ್ರಕ್ಕೆ ಹೊಡೆಯೋದು."

ಅವರು ನಗಲಿಲ್ಲ. "ಒಳಗಿನ ಸ್ಪೀಕರ್ ಹೋಗಿದೆ. ಕಂಪನಿಗೆ ಕಳಿಸ್ಬೇಕು" ಎಂದರು.

ಅಮ್ಮನ ವಿಷಯವನ್ನು ಒಂದೇ ಉಸಿರಿಗೆ ಹೇಳಿದೆ. ಮೇಡಂ ಬೀರುವಿನಿಂದ ಒಂದು ಬದಲಿ ಮಿಷನ್ನು ತೆಗೆದು ಮೇಜಿನ ಮೇಲಿಟ್ಟರು. ನನಗೆ ಹೋದ ಜೀವ ಬಂದಂತಾಗಿ ಅದನ್ನು ಎತ್ತಿಕೊಳ್ಳಲು ಹೋದೆ. ಅವರು ಕೈ ಅಡ್ಡ ಹಿಡಿದರು.

"ಹಾಗೇ ಹಾಕೋಕಾಗಲ್ಲಮ್ಮ. ಅವರ ಕಿವಿಗೆ ತಕ್ಕಹಾಗೆ ಹೊಂದಿಸ್ಬೇಕು. ಇಲ್ದಿದ್ರೆ ಒಂದೋ ಏನೂ ಕೇಳ್ಸಲ್ಲ, ಇಲ್ಲಾಂದ್ರೆ ಉಳಿದಿರೋದೂ ಹೋಗುತ್ತೆ. ತಂದೇನ ಕರ್ಕೊಂಡ್ ಬನ್ನಿ, ಒಂದು ಗಂಟೇಲಿ ಮಾಡ್ಕೊಡ್ತೀನಿ."

ಸರಿ, ಒಂದು ಗಂಟೆ ತಾನೆ, ಬಂದೆ ಎಂದು ತಿರುಗಿದೆ. ಫೋನು ಬಂತು. ವಾರ್ಡಿನ ಸಿಸ್ಟರ್. "ಎಲ್ಲಿದ್ದೀರಿ? ಮೊದಲನೇ ಪೇಷಂಟ್‌ಗೆ ಜ್ವರ ಬಂದಿದೆ. ನಿಮ್ಮ ತಾಯೀನ ಈಗ್ಲೇ ಕರ್ಕೊಂಡ್ ಹೋಗ್ತಾರೆ, ಬೇಗ ಬನ್ನಿ."

ಜೀವನದಲ್ಲಿ ನಾನು ಹಾಗೆ ಓಡಿದ್ದಿಲ್ಲ. ದಾರಿಯಲ್ಲಿ ಚಪ್ಪಲಿಯ ಉಂಗುಷ್ಠ ಕಿತ್ತಿತು, ಅದನ್ನು ಅಲ್ಲೇ ಬಿಟ್ಟೆ. ಲಿಫ್ಟಿನ ಮುಂದೆ ಜನ ತುಂಬಿದ್ದರು. ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಅಮ್ಮನನ್ನು ಸ್ಟ್ರೆಚರಿಗೆ ಸಾಗಿಸಿದ್ದರು. ತಲೆಗೆ ಹಸಿರು ಟೋಪಿ, ಕಿವಿಯಲ್ಲಿ ಓಲೆ ಇಲ್ಲ, ಮುಖ ಇಷ್ಟೇ ಇಷ್ಟು. ಅಪ್ಪ ಪಕ್ಕದಲ್ಲಿ ಅವಳ ಕೈ ಹಿಡಿದು ನಿಂತಿದ್ದ. ಅಮ್ಮ ಏನೋ ಹೇಳುತ್ತಿದ್ದಳು. ಅವನು ಅವಳ ತುಟಿಯನ್ನೇ ದಿಟ್ಟಿಸುತ್ತಿದ್ದ. ನನ್ನನ್ನು ಕಂಡದ್ದೇ ಬಲಗಿವಿ ನನ್ನ ಕಡೆ ತಿರುಗಿಸಿ ಅಂಗೈ ಚಾಚಿದ. ಮಿಷನ್ನು ಕೊಡು ಎಂದು.

ಕೊಡಲು ಏನಿತ್ತು? ಸತ್ತ ಮಿಷನ್ನನ್ನೇ ಆ ಅಂಗೈಯಲ್ಲಿಟ್ಟೆ. "ಆಗ್ಲಿಲ್ಲಪ್ಪ. ಹೊತ್ತಿಲ್ಲ. ಈಗ್ಲೇ ಒಳಗೆ ಕರ್ಕೊಂಡ್ ಹೋಗ್ತಾರಂತೆ" ಎಂದು ಅವನ ಕಿವಿಯಲ್ಲಿ ಕಿರುಚಿದೆ. ಇಡೀ ವಾರ್ಡು ನಮ್ಮ ಕಡೆ ತಿರುಗಿತು.

ಅಪ್ಪ ಮಿಷನ್ನನ್ನು ನೋಡಿದ. ಸ್ಟ್ರೆಚರಿನ ಚಕ್ರಗಳನ್ನು ನೋಡಿದ. ಆಮೇಲೆ ಅಮ್ಮನ ಕೈ ಬಿಟ್ಟು, ಯಾರಿಗೂ ಒಂದು ಮಾತು ಹೇಳದೆ, ಬಾಗಿಲ ಕಡೆ ಓಡಿದ.

"ಅಪ್ಪಾ!" ಎಂದೆ. ಬೆನ್ನಿಗೆ ಕಿರುಚಿದರೆ ಅವನಿಗೆ ಏನು ಕೇಳಿಸಬೇಕು? ನೋಡಲಾರದೆ ಓಡಿಹೋದ ಎಂದುಕೊಂಡೆ. ಹೇಡಿ, ಎಂದುಕೊಂಡೆ. ಅಮ್ಮನ ಕಣ್ಣು ಬಾಗಿಲಲ್ಲೇ ನೆಟ್ಟಿತ್ತು. "ಬರ್ತಾರೆ ಬಿಡು" ಎಂದು ನನಗೇ ಸಮಾಧಾನ ಹೇಳಿದಳು. ಆ ದನಿ ಒಣ ಎಲೆಯ ಮೇಲೆ ಕಾಲಿಟ್ಟ ಹಾಗಿತ್ತು, ಆದರೂ ಅದು ಅವಳದೇ. ನನ್ನನ್ನು ಶಾಲೆಗೆ ಎಬ್ಬಿಸಿದ್ದು ಅದೇ ದನಿ.

ಸ್ಟ್ರೆಚರ್ ಹೊರಟಿತು. ನಾನು ಕಂಬಿ ಹಿಡಿದುಕೊಂಡು ಜೊತೆಗೆ ನಡೆದೆ, ನಡೆಯುವುದಕ್ಕಿಂತ ಹೆಚ್ಚಾಗಿ ತಡೆದೆ. ಉದ್ದದ ಓಣಿಯ ಕೊನೆಯಲ್ಲಿ, ನಮ್ಮಂಥವರಿಗೆ ಪ್ರವೇಶವಿಲ್ಲದ ಬಾಗಿಲು ಕಾಣುತ್ತಿತ್ತು. ಆಗ ಹಿಂದಿನಿಂದ ಅಪ್ಪ ಏದುಸಿರು ಬಿಡುತ್ತಾ ಬಂದ. ಕೈಯಲ್ಲಿ ಒಂದು ರಬ್ಬರ್ ಪೈಪು. ಅವನ ಸ್ಕೂಟರಿನ ಡಬ್ಬಿಯಲ್ಲಿ ಸದಾ ಇರುವ ಪೆಟ್ರೋಲ್ ಪೈಪು, ಹೊಸದು, ಇನ್ನೂ ಸುರುಳಿ ಬಿಡದ್ದು. ಮಿಷನ್ನಿನಿಂದ ಕಿವಿಯ ಅಚ್ಚನ್ನು ಕಿತ್ತು, ಅದರ ಸಣ್ಣ ಟ್ಯೂಬಿನ ಮೇಲೆ ಆ ಪೈಪನ್ನು ಏರಿಸಿದ್ದ. ಎಂಜಿನ್ನಿನ ಯಾವ ಮೂಲೆಯಲ್ಲಿ ಸದ್ದು ಬರುತ್ತಿದೆ ಎಂದು ಹುಡುಕಲು ಅವನು ಮೊದಲೆಲ್ಲ ಹೀಗೇ ಪೈಪು ಕಿವಿಗಿಟ್ಟು ಕೇಳುತ್ತಿದ್ದ.

"ಏನ್ರೀ ಇದು? ಇದನ್ನೆಲ್ಲ ತರೋ ಹಾಗಿಲ್ಲ" ಎಂದರು ಸಿಸ್ಟರ್.

"ಸಿಸ್ಟರ್, ಒಂದು ನಿಮಿಷ. ನಿಮ್ಮ ಕಾಲಿಗೆ ಬೀಳ್ತೀನಿ" ಎಂದೆ. "ಅಮ್ಮನ ಮಾತು ಒಂದ್ಸಲ ಕೇಳಿಸ್ಕೊಳ್ಲಿ. ಆಮೇಲೆ ಯಾವತ್ತೂ ಇಲ್ವಲ್ಲ, ಸಿಸ್ಟರ್!"

ಸಿಸ್ಟರ್ ನನ್ನ ಬರಿಗಾಲನ್ನೂ ಅಪ್ಪನ ಪೈಪನ್ನೂ ನೋಡಿದರು. ಸ್ಟ್ರೆಚರ್ ತಳ್ಳುವವನಿಗೆ ನಿಲ್ಲು ಎಂದು ಕೈಮಾಡಿ, ಅಮ್ಮನ ಮುಂಗೈಗೆ ಆಗಲೇ ಕಟ್ಟಿದ್ದ ಪಟ್ಟಿಯನ್ನು ಬಿಚ್ಚಿ, ಅದನ್ನೇ ಮತ್ತೆ ಬಹಳ ನಿಧಾನವಾಗಿ ಕಟ್ಟತೊಡಗಿದರು.

ಅಪ್ಪ ಅಚ್ಚನ್ನು ಬಲಗಿವಿಗೆ ಒತ್ತಿಕೊಂಡು ಬಗ್ಗಿದ. ಅಮ್ಮ ಪೈಪಿನ ಇನ್ನೊಂದು ತುದಿಯನ್ನು ತೆಗೆದುಕೊಂಡು, ಸುತ್ತಲೂ ಅಂಗೈ ಮುಚ್ಚಿ, ಬಾಯಿಗೆ ಹಿಡಿದಳು. ಹೆಂಡತಿ ಗಂಡನಿಗೆ ಕೊನೆಯ ಸಲ ಏನು ಹೇಳುತ್ತಾಳೋ ಎಂದು ನಾನು ಮುಖ ಆಚೆ ತಿರುಗಿಸಿದೆ. ಕಿವಿಯನ್ನು ತಿರುಗಿಸಲಿಲ್ಲ.

"ಕಂಪ್ರೆಸರ್ ಹಾಕ್ತಾರೇನ್ರೀ ಅದಕ್ಕೆ?" ಎಂದಳು ಅಮ್ಮ. "ಬುದ್ಧಿ ಎಲ್ಲಿಟ್ಟಿದ್ರಿ? ಅಚ್ಚನ್ನ ಬಿಚ್ಚಿ ತೊಳೀಬೇಕು. ಮಿಷನ್‌ಗೆ ನೀರು ತಾಗಬಾರ್ದು. ಟ್ಯೂಬನ್ನ ಬಾಯಲ್ಲಿ ಊದ್ಬೇಕು, ನಿಧಾನಕ್ಕೆ. ರಾತ್ರಿ ಬ್ಯಾಟರಿ ಬಾಗಿಲು ತೆಗೆದಿಡಿ. ಇಷ್ಟು ವರ್ಷ ಪಕ್ಕದಲ್ಲೇ ಕೂತು ನೋಡ್ತಿದ್ರಲ್ಲ, ಏನ್ ನೋಡಿದ್ರಿ?" ಅವಳು ಉಸಿರೆಳೆದುಕೊಂಡಳು. "ನಾನು ಮಾತಾಡಲ್ಲ ಅಂತ ಕಿವಿಯಿಂದ ಅದನ್ನ ತೆಗೆದಿಟ್ಟು ಕೂರ್ಬೇಡಿ. ಮಗಳು ಮಾತಾಡ್ತಾಳೆ. ಕೇಳಿಸ್ಕೊಳ್ಳಿ."

ಅಪ್ಪ ಪ್ರತಿ ಮಾತಿಗೂ ಹೂಂ, ಹೂಂ ಎಂದು ತಲೆಯಾಡಿಸಿದ. ಪಟ್ಟಿ ಕಟ್ಟಿ ಮುಗಿಯಿತು. ಇನ್ನು ಕಟ್ಟಲು ಏನೂ ಇರಲಿಲ್ಲ. ಸಿಸ್ಟರ್ ಮೆಲ್ಲಗೆ ಅಮ್ಮನ ಕೈಯಿಂದ ಪೈಪು ಬಿಡಿಸಿದರು. ಸ್ಟ್ರೆಚರ್ ಒಳಗೆ ಹೋಯಿತು, ಬಾಗಿಲು ಮುಚ್ಚಿಕೊಂಡಿತು.

ಅಪ್ಪ ಪೈಪಿನ ಸಮೇತ ನನ್ನ ಕಡೆ ತಿರುಗಿದ.

"ಏನಂತೆ?"

"ಕೇಳಿಸ್ಲಿಲ್ವಾ? ಮತ್ತೆ ಹೂಂ ಹೂಂ ಅಂದೆಯಲ್ಲ!" ಎಂದು ಕಿರುಚಿದೆ.

"ದನಿ ಕೇಳಿಸ್ತು. ಅವಳದೇ. ಮಾತು ಬಿಡಿಬಿಡಿಯಾಗಿ ತಿಳೀಲಿಲ್ಲ" ಎಂದ. ಪೈಪನ್ನು ಕೈಗೆ ಸುತ್ತಿಕೊಳ್ಳುತ್ತಾ, "ಬೈತಾ ಇದ್ಲು, ಅಲ್ವಾ? ಅದು ತಿಳೀತು. ಚೆನ್ನಾಗಿ ಬೈದ್ಲು" ಎಂದು ನಗಲು ಹೋದ. ನಗು ಅರ್ಧಕ್ಕೇ ಮುರಿದು, ಅಲ್ಲೇ ಗೋಡೆಗೆ ಒರಗಿ ಕುಸಿದು ಕೂತು ಅತ್ತ. ತನ್ನ ಅಳು ಎಷ್ಟು ಜೋರಾಗಿದೆ ಎಂಬುದು ಅವನಿಗೆ ತಿಳಿಯುವಂತಿರಲಿಲ್ಲ. ನಾನು ಪಕ್ಕದಲ್ಲಿ ಕೂತು, ಅಮ್ಮ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಅವನ ಬಲಗಿವಿಗೆ ಕಿರುಚಿದೆ. ಬಿಚ್ಚಿ ತೊಳೀಬೇಕಂತೆ! ಬಾಯಲ್ಲಿ ಊದ್ಬೇಕಂತೆ! ನಿಧಾನಕ್ಕಂತೆ! ಓಣಿಯಲ್ಲಿ ಕಾಯುತ್ತಿದ್ದವರೆಲ್ಲ ನಮ್ಮನ್ನು ಹುಚ್ಚರೆಂದುಕೊಂಡಿರಬೇಕು. ಯಾರು ಏನಂದುಕೊಂಡರೂ ನನಗೆ ಅಷ್ಟೇ ಹೋಯಿತು.

ಅಮ್ಮ ಉಳಿದಳು. ಮನೆಗೂ ಬಂದಳು. ಅಷ್ಟರಲ್ಲಿ ಮಿಷನ್ನೂ ರಿಪೇರಿಯಾಗಿ ಬಂದಿತ್ತು. ಒಂದು ಸಂಜೆ ಅವಳು ಯಾರಿಗೂ ಹೇಳದೆ ತನ್ನ ಡಬ್ಬಿ, ಬ್ರಷ್ಷು, ಸೋಪುನೀರಿನ ಬಟ್ಟಲು ಎಲ್ಲವನ್ನೂ ಮೇಜಿನ ಮೇಲೆ ಹರಡಿಕೊಂಡು ಕೂತಳು. ಅಪ್ಪನ ಕಿವಿಯಿಂದ ಮಿಷನ್ನನ್ನು ತೆಗೆದು, ಅಚ್ಚನ್ನು ಬಿಚ್ಚಿ, ತೊಳೆದು, ಟ್ಯೂಬನ್ನು ತುಟಿಗೆ ಹಿಡಿದಳು.

ಅವಳ ಕೆನ್ನೆ ಒಂದಿಷ್ಟು ಉಬ್ಬಿತು. ಉಸಿರು ಬಾಯಿಗೆ ಬರಲಿಲ್ಲ. ಕತ್ತಿನ ಮುಂದೆ ಇಳಿಬಿಟ್ಟಿದ್ದ ತೆಳು ಬಟ್ಟೆ ಹಾರಿ ಮತ್ತೆ ಕೂತಿತು. ಇನ್ನೊಮ್ಮೆ ಊದಿದಳು, ಮತ್ತೆ ಬಟ್ಟೆಯೇ ಹಾರಿತು. ಟ್ಯೂಬಿನೊಳಗೆ ನೀರಿನ ಹನಿ ಇದ್ದಲ್ಲೇ ಇತ್ತು. ಮಾತು ಹೋಗುತ್ತದೆ ಎಂದು ನಾವೆಲ್ಲ ಎದೆ ಗಟ್ಟಿ ಮಾಡಿಕೊಂಡಿದ್ದೆವು. ಊದುವುದೂ ಹೋಗುತ್ತದೆ ಎಂದು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ಅಮ್ಮ ಆ ಹನಿಯನ್ನು ನೋಡುತ್ತಾ ಕೂತಳು. ಆಸ್ಪತ್ರೆಯಲ್ಲಿ ಒಂದು ದಿನವೂ ಅಳದಿದ್ದವಳ ಕಣ್ಣು ಈಗ ತುಂಬಿತು. ಆ ಅಳುವಿಗೂ ಸದ್ದಿರಲಿಲ್ಲ.

ಅಪ್ಪ ಎದ್ದು ಬಂದು ಅವಳ ಕೈಯಿಂದ ಟ್ಯೂಬು ತೆಗೆದುಕೊಂಡ. ತುಟಿಗೆ ಹಿಡಿದು, ನಿಧಾನಕ್ಕೆ, ಉಫ್ ಎಂದ. ಹನಿ ಹಾರಿ ಮೇಜಿನ ಮೇಲೆ ಬಿತ್ತು. ಅಚ್ಚನ್ನು ಒಣಬಟ್ಟೆಯಲ್ಲಿ ಒರೆಸಿ, ಮಿಷನ್ನಿಗೆ ಸೇರಿಸಿ, ಬ್ಯಾಟರಿಯ ಬಾಗಿಲು ಹಾಕಿ, ಅಂಗೈಗಳ ನಡುವೆ ಮುಚ್ಚಿ ಅಮ್ಮನ ಮುಂದೆ ಹಿಡಿದ. ಕುಂಯ್ ಎಂದಿತು. ಅವಳು ತಲೆಯಾಡಿಸಿದಳು. "ಎದ್ದಿದೆ" ಎಂದು ಅವನೇ ಹೇಳಿ ಕಿವಿಗೆ ಹಾಕಿಕೊಂಡ.

ಮಿಷನ್ನು ಹಿಂದೆಂದಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಅಪ್ಪನಿಗೆ ಫ್ಯಾನಿನ ಕಿರಿಕಿರಿ ಕೇಳಿಸಿತು, ಬೀದಿಯಲ್ಲಿ ಯಾರೋ ಸೈಕಲ್ ನಿಲ್ಲಿಸಿದ್ದು ಕೇಳಿಸಿತು. ಆಗ ಅಮ್ಮನ ತುಟಿಗಳು ಆಡಿದವು. ಸರಸರನೆ, ಹುಬ್ಬು ಗಂಟಿಕ್ಕಿಕೊಂಡು, ಬೆರಳು ಅಲ್ಲಾಡಿಸುತ್ತಾ ಉದ್ದಕ್ಕೆ ಏನೋ ಹೇಳಿದಳು. ಅಪ್ಪ ಮುಂದಕ್ಕೆ ಬಾಗಿ, ಉಸಿರು ಬಿಗಿಹಿಡಿದು ಕೇಳಿದ. ಆಮೇಲೆ ಎಂದಿನಂತೆ ಪಕ್ಕದಲ್ಲಿದ್ದ ನನ್ನ ಕಡೆ ತಿರುಗಿದ.

"ಏನಂತೆ?"

ಈ ಸಲ ನನಗೂ ಕೇಳಿಸಿರಲಿಲ್ಲ.